ಹಾರ್ಡ್ ಡಿಸ್ಕ್ ಖರಾಬ್ ಆಗ್ಯಾದ ಅನ್ನೋ ಮೊದಲು: ನಕಲು ಮುಂದೆ, ತಪಾಸಣೆ ಹಿಂದೆ

ಕಳೆದ ಬೇಸಿಗೆಯ ಒಂದು ಮಟಮಟ ಮಧ್ಯಾಹ್ನ ಸೇಡಂ ಕಡೆಯ ಫೋಟೊ ಸ್ಟುಡಿಯೊ ಹುಡುಗನೊಬ್ಬ ಕಲಬುರಗಿಯ ನನ್ನ ಅಂಗಡಿಗೆ ಬಂದ. ಕೈಯಲ್ಲಿ ಟವೆಲ್ಲಿನ ಗಂಟು, ಗಂಟಿನೊಳಗೆ ಅಂಗೈಯಗಲದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್.

"ಅಣ್ಣಾ, ಇದು ನಡುನಡುವ ಕಟ್ ಕಟ್ ಅಂತದ. ಫೋಲ್ಡರ್ ತೆಗಿಲಾಕ ಹತ್ತ್ ಮಿನಿಟ್ ತಗೋತದ. ಎರಡು ಸೀಜನ್ನಿನ ಮದಿವಿ ಎಲ್ಲಾ ಇದರಾಗೇ ಅವ."

"ನೀ ಏನೇನ್ ಮಾಡಿದಿ ಇದಕ್ಕ?"

"ಏನೂ ಮಾಡಿಲ್ಲಣ್ಣ. ಖಾಲಿ ಹತ್ತ್ ಹದಿನೈದ್ ಸಲ ಹಚ್ಚಿ ತಗದು ನೋಡ್ದೆ. ಮತ್ತ ರಾತ್ರಿ ಚೆಕ್‌ಡಿಸ್ಕ್ ಹಾಕಿ ಮಲಕೊಂಡೆ."

ಆ ಡಿಸ್ಕಿನಿಂದ ಬಹುಪಾಲು ಫೋಟೊ ಬಂದವು. ಒಂದು ಮದುವೆಯ ಅಕ್ಕಿಕಾಳಿನ ಹೊತ್ತಿನವು ಮಾತ್ರ ಬರಲಿಲ್ಲ. ಡಿಸ್ಕ್ ತಪಾಸಿಸುವ ವಿಂಡೋಸಿನ ಸಾಧನ ಚೆಕ್‌ಡಿಸ್ಕ್ ರಾತ್ರಿಯಿಡೀ ಓಡದಿದ್ದರೆ ಬರುತ್ತಿದ್ದವೋ ಏನೋ, ಈಗ ಹೇಳಿ ಫಾಯದೆ ಇಲ್ಲ. ಆದರೆ ಅವನ ಆ "ಏನೂ ಮಾಡಿಲ್ಲ" ಅನ್ನುವ ಮಾತನ್ನು ನಾನು ವಾರಕ್ಕೆ ಒಮ್ಮೆಯಾದರೂ ಕೇಳುತ್ತೇನೆ. ಕೆಡುತ್ತಿರುವ ಡಿಸ್ಕಿಗೆ ತಪಾಸಣೆಯೂ ಒಂದು ದುಡಿತವೇ. ಟೈಫಾಯಿಡ್ ಹಿಡಿದವನನ್ನು ಊರ ಸುತ್ತ ಓಡಿಸಿ ಆಮೇಲೆ ನಾಡಿ ಹಿಡಿದ ಹಾಗೆ. ಚೆಕ್‌ಡಿಸ್ಕಿಗೆ ಕೆಟ್ಟ ಸೆಕ್ಟರ್ (ಡೇಟಾ ಇಡುವ ಸಣ್ಣ ಖಾನೆ) ಹುಡುಕುವ ಆದೇಶ ಕೊಟ್ಟರೆ ಅದು ಡಿಸ್ಕಿನ ಮೂಲೆಮೂಲೆ ಓದುತ್ತದೆ, ಓದಲಾಗದ ಜಾಗಕ್ಕೆ ಮತ್ತೆ ಮತ್ತೆ ಓದುವ ಮುಳ್ಳಾದ ಹೆಡ್ ಕಳಿಸುತ್ತದೆ, ಅರ್ಥವಾಗದ ನಮೂದುಗಳನ್ನು ತನ್ನ ಲೆಕ್ಕದಲ್ಲಿ "ಸರಿ" ಮಾಡುತ್ತದೆ. ಅದಕ್ಕೆ ಬೇಕಾದ್ದು ಫೈಲ್ ಸಿಸ್ಟಂ, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ, ನೆಟ್ಟಗಾಗುವುದು. ನಿಮ್ಮ ಫೋಟೊ ಉಳಿಯಿತೋ ಬಿಟ್ಟಿತೋ ಅದಕ್ಕೆ ಸಂಬಂಧವಿಲ್ಲ.

ಹಾಗಾಗಿ ನಾನು ಹಿಡಿದಿರುವ ಕ್ರಮ ಇದು: ಕರೆಂಟು ಮತ್ತು ಕೇಬಲ್ ನೋಡು, ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಅಂಕಿಗಳ ಮೇಲೆ ಒಮ್ಮೆ ಕಣ್ಣಾಡಿಸು, ನಕಲು ತೆಗೆ. ರಿಪೇರಿಯ ಮಾತು ಆಮೇಲೆ.

ಮೊದಲು ಸುಮ್ಮನೆ ಕೂಡ್ರಿ

ಡಿಸ್ಕ್ ತಕರಾರು ಮಾಡುತ್ತಿದೆ ಅನ್ನಿಸಿದ ಕೂಡಲೇ ಅದಕ್ಕೆ ಹೊಸದೇನನ್ನೂ ಬರೆಯಬೇಡಿ. ಹಚ್ಚಿ-ತೆಗೆದು ನೋಡುವ ಆಟ ನಿಲ್ಲಿಸಿ. ನಿಂತ ಮೋಟರ್ ಮೇಲೇಳುವ ಹೊತ್ತು, ಹೆಡ್ ತನ್ನ ಜಾಗದಿಂದ ಪ್ಲ್ಯಾಟರ್ (ಡೇಟಾ ಇರುವ ತಿರುಗುವ ತಟ್ಟೆ) ಮೇಲೆ ಬರುವ ಹೊತ್ತು, ಇವೇ ಡಿಸ್ಕಿಗೆ ಅತಿ ಭಾರದ ಹೊತ್ತು. ಹದಿನೈದು ಸಲ ಹಚ್ಚಿದರೆ ಹದಿನೈದು ಸಲ ಆ ಭಾರ. ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕಿನ ಮೇಲೆ ಇನ್‌ಸ್ಟಾಲ್ ಮಾಡುವವರೂ ಇದ್ದಾರೆ. ಯಾವ ಫೈಲ್ ಬೇಕೋ ಅದರ ತಲೆಯ ಮೇಲೇ ಹೊಸ ಫೈಲ್ ಕೂತಿರುತ್ತದೆ.

ಫ್ರಿಜ್ಜಿನಲ್ಲಿ ಇಟ್ಟರೆ ನಡೆಯುತ್ತದೆ ಅನ್ನುವ ಹಳೆಯ ಉಪಾಯವನ್ನು ಇನ್ನೂ ಯಾರೋ ಹೇಳಿಕೊಡುತ್ತಿರುತ್ತಾರೆ. ನಮ್ಮ ಮೇ ತಿಂಗಳ ಸೆಕೆಗೆ ಫ್ರಿಜ್ಜಿನಿಂದ ತೆಗೆದ ಚೊಂಬು ಬೆವರುವುದನ್ನು ನೋಡಿದ್ದೀರಲ್ಲ? ಡಿಸ್ಕೂ ಹಾಗೇ ಬೆವರುತ್ತದೆ, ಒಳಗೂ ಹೊರಗೂ. ಮನುಷ್ಯರ ಕೂದಲಿನ ದಪ್ಪ ಸುಮಾರು 70,000 ನ್ಯಾನೊಮೀಟರ್. ಹೆಡ್ಡಿಗೂ ಪ್ಲ್ಯಾಟರಿಗೂ ನಡುವಿನ ಸಂದು ಕೆಲವೇ ನ್ಯಾನೊಮೀಟರ್. ಅಲ್ಲಿ ಒಂದು ಹನಿ ನೀರು ಅಂದರೆ ಕೆರೆ ಒಡೆದ ಹಾಗೆ. ಇದೇ ಕಾರಣಕ್ಕೆ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದು ನೋಡುವುದೂ ಬೇಡ. ನಮ್ಮ ಶಹಾಬಾದ್ ಕಲ್ಲಿನ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದಿದ್ದರೂ ಆ ಸಂದಿಗೆ ಅದು ಬಂಡೆ.

ಕಿವಿ ಕೊಡಿ

ಒಮ್ಮೆ, ಒಂದೇ ಒಂದು ಸಲ, ಫ್ಯಾನ್ ಆಫ್ ಮಾಡಿ ಡಿಸ್ಕಿಗೆ ಕಿವಿಗೊಟ್ಟು ಹಚ್ಚಿ. ಸದ್ದೇ ಇಲ್ಲ, ಕೈಯಿಟ್ಟರೆ ನಡುಕವೂ ಇಲ್ಲ ಅಂದರೆ ಕರೆಂಟು ತಲುಪುತ್ತಿಲ್ಲ ಇಲ್ಲವೇ ಡಿಸ್ಕಿನ ಬೋರ್ಡ್ ಸುಟ್ಟಿದೆ. ಸೊಳ್ಳೆ ಹಾಡಿದ ಹಾಗೆ ಸಣ್ಣ "ಪೀಂ" ಕೇಳಿ ಸುಮ್ಮನಾದರೆ ಮೋಟರ್ ತಿರುಗಲು ನೋಡುತ್ತಿದೆ, ಆಗುತ್ತಿಲ್ಲ. ಸಣ್ಣ ಡಿಸ್ಕ್‌ಗಳಲ್ಲಿ ಬಹಳ ಸಲ ಹೆಡ್ ಪ್ಲ್ಯಾಟರಿಗೆ ಅಂಟಿಕೊಂಡಿರುತ್ತದೆ. ಅದು ನಮ್ಮ ಕೈಯ ಕೆಲಸವಲ್ಲ. ಕೆರೆದ ಹಾಗೆ "ಕರ್ರ್" ಅಂದರೆ ತಕ್ಷಣ ವೈರ್ ಕಿತ್ತುಹಾಕಿ. ಹೆಡ್ಡು ಪ್ಲ್ಯಾಟರನ್ನು ತಿನ್ನುತ್ತಿದೆ, ಪ್ರತಿ ಸುತ್ತಿಗೂ ಒಂದಿಷ್ಟು ಡೇಟಾ ಪುಡಿಯಾಗುತ್ತಿದೆ.

ಒಂದೇ ತಾಳದಲ್ಲಿ ಕಟ್, ಕಟ್, ಕಟ್ ಅಂದು ನಿಂತುಬಿಡುವುದಕ್ಕೆ ಎರಡು ಅರ್ಥ. ಹೆಡ್ಡಿಗೆ ತನ್ನ ದಾರಿಯ ಗುರುತು ಓದಲಾಗುತ್ತಿಲ್ಲ ಎಂಬುದು ಒಂದು. ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ: ಡಿಸ್ಕಿಗೆ ಸಾಲುವಷ್ಟು ಕರೆಂಟು ಬರುತ್ತಿಲ್ಲ.

ಗಂಜಿನ ಅಡತಿ ಅಂಗಡಿಯ ಎರಡು ಡಿಸ್ಕ್

ನೆಹರು ಗಂಜಿನ ಒಂದು ಅಡತಿ ಅಂಗಡಿ. ತೊಗರಿ ಸೀಜನ್ನು, ಜನವರಿ. ತೂಕ, ಪಟ್ಟಿ, ಬಿಲ್ಲು ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ಅದು ದಿನಕ್ಕೆ ನಾಲ್ಕು ಸಲ ಕಟ್ ಅಂದು ಹ್ಯಾಂಗ್ ಆಗುತ್ತಿತ್ತು. ಯಾರೋ ಡಿಸ್ಕ್ ಹೋಗಿದೆ ಎಂದು ಹೊಸದು ಹಾಕಿಕೊಟ್ಟಿದ್ದರು. ಹದಿನೈದು ದಿನಕ್ಕೆ ಹೊಸದೂ ಕಟ್ ಅನ್ನತೊಡಗಿತು.

"ಎರಡ್ ಡಿಸ್ಕ್ ಆದವ್ರಿ ಸಾಹೇಬ್ರ, ಎರಡೂ ಖರಾಬ್. ಈಗಿನ ಮಾಲೇ ಹಿಂಗ ಬರ್ತಾವೇನ್ರಿ?" ಅಂದರು ಮುನೀಮರು.

ನನಗೆ ಗುಮಾನಿ ಬಂದದ್ದು ಡಿಸ್ಕಿನ ಮೇಲಲ್ಲ, ಗೋಡೆಯಾಚೆಯ ಸದ್ದಿನ ಮೇಲೆ. ಪಕ್ಕದಲ್ಲಿ ಕಾಳು ಹಸನು ಮಾಡುವ ಜರಡಿ ಮಷಿನ್ ಇತ್ತು. ಅದು ಚಾಲೂ ಆದಾಗಲೆಲ್ಲ ಟ್ಯೂಬ್‌ಲೈಟ್ ಕಣ್ಣು ಮಿಟುಕಿಸುತ್ತಿತ್ತು. ಕ್ಯಾಬಿನೆಟ್ ತೆಗೆದು, ಕಂಪ್ಯೂಟರಿಗೆ ಕರೆಂಟು ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್‌ನ ನಾಲ್ಕು ಪಿನ್ನಿನ ಖಾಲಿ ಪ್ಲಗ್ಗಿನಲ್ಲಿ ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಹಳದಿ ವೈರಿಗೂ ಕಪ್ಪು ಕಡ್ಡಿಯನ್ನು ಕಪ್ಪು ವೈರಿಗೂ ಇಟ್ಟು ಕೂತೆ. 12.1 ವೋಲ್ಟ್ ತೋರಿಸಿತು. ಮುನೀಮರು ನನ್ನನ್ನೇ ನೋಡುತ್ತಿದ್ದರು. ಚಹಾ ಬಂತು. ಆಚೆ ಮಷಿನ್ ಗುರ್ರ್ ಅಂದಿತು, ಅಂಕಿ 10.9ಕ್ಕೆ ಇಳಿದು ಮತ್ತೆ ಏರಿತು, ಡಿಸ್ಕ್ ಕಟ್ ಅಂದಿತು. ಹಳದಿ ವೈರಿನಲ್ಲಿ ಇರಬೇಕಾದದ್ದು 12 ವೋಲ್ಟ್, ಹೆಚ್ಚು ಕಡಿಮೆ ಶೇಕಡಾ 5. ಅಂದರೆ 11.4ರಿಂದ 12.6ರ ಒಳಗೆ. ಕೆಂಪು ವೈರಿನ 5 ವೋಲ್ಟಿಗೆ 4.75ರಿಂದ 5.25. ಅಲ್ಲಿಂದ ಕೆಳಗಿಳಿದರೆ ಡಿಸ್ಕ್ ಹೆಡ್ಡನ್ನು ಮಡಚಿಕೊಂಡು ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ಅದೇ ಆ ಸದ್ದು.

ಎಸ್‌ಎಂಪಿಎಸ್ ಬದಲಿಸಿದೆ. ಉಬ್ಬಿಹೋಗಿದ್ದ ಯುಪಿಎಸ್ ಬ್ಯಾಟರಿಯನ್ನೂ ಬದಲಿಸಿದೆ. ಯುಪಿಎಸ್‌ನ ಹಸಿರು ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಒಳಗಿನ ಬ್ಯಾಟರಿ ಜೀವಂತ ಇದೆ ಎಂದಲ್ಲ. ನಮ್ಮ ಸೆಕೆಗೆ ಅದು ಎರಡು ಮೂರು ಬೇಸಿಗೆ ತಡೆದರೆ ಹೆಚ್ಚು. ಅಪರೂಪಕ್ಕೊಮ್ಮೆ, ಎಲ್ಲ ಫೈಲ್ ಮುಚ್ಚಿದ ಮೇಲೆ, ಗೋಡೆಯ ಸ್ವಿಚ್ ಆಫ್ ಮಾಡಿ ಎಷ್ಟು ನಿಮಿಷ ನಿಲ್ಲುತ್ತದೆ ನೋಡಿ. ಮೊದಲು "ಖರಾಬ್" ಆಗಿತ್ತೆಂದು ಮೂಲೆಗಿಟ್ಟಿದ್ದ ಡಿಸ್ಕ್ ಪರೀಕ್ಷೆಯಲ್ಲಿ ಪೂರ್ತಿ ಸ್ವಚ್ಛ ಬಂತು. ಈಗ ಅದೇ ಅವರ ಬ್ಯಾಕಪ್ ಡಿಸ್ಕ್.

ಎಕ್ಸ್‌ಟರ್ನಲ್ ಡಿಸ್ಕ್‌ಗಳಿಗೂ ಇದೇ ಮಾತು. ದೊಡ್ಡ 3.5 ಇಂಚಿನದಾದರೆ ಅದರ 12 ವೋಲ್ಟ್ ಅಡಾಪ್ಟರ್ ಮೇಲೆ ಕಣ್ಣಿಡಿ. ಭಾರವಿಲ್ಲದೆ ಅಳೆದರೆ ಸರಿಯಾಗಿ ತೋರಿಸುವ ಅಡಾಪ್ಟರ್ ಡಿಸ್ಕ್ ಹಚ್ಚಿದ ಕೂಡಲೇ ಕುಸಿಯಬಹುದು. ಸಣ್ಣ 2.5 ಇಂಚಿನದಾದರೆ ಅದು ಉಣ್ಣುವುದು ಯುಎಸ್‌ಬಿಯಿಂದಲೇ. ಹಳೆಯ ಯುಎಸ್‌ಬಿ 2.0 ಕೊಡಬೇಕಾದದ್ದು 500 ಮಿಲಿಆಂಪಿಯರ್, ನೀಲಿ ಬಾಯಿಯ 3.0 ಆದರೆ 900. ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಗೆ ಒಳಗೆ ಸಣಕಲು ವೈರ್ ಓಡಿರುತ್ತದೆ, ಹಬ್ಬಿನಲ್ಲಿ ನಾಲ್ಕು ಜನ ಹಂಚಿಕೊಳ್ಳುತ್ತಿರುತ್ತಾರೆ. ಹಿಂದಿನ ಪೋರ್ಟಿಗೆ, ಗಿಡ್ಡ ಕೇಬಲ್ಲಿನಿಂದ ಹಚ್ಚಿ ನೋಡಿ.

ಸ್ಮಾರ್ಟ್: ಡಿಸ್ಕ್ ತಾನೇ ಬರೆದುಕೊಂಡ ಡೈರಿ

ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ಒಳಗೇ ಇಟ್ಟುಕೊಂಡಿರುತ್ತದೆ. ಆ ಲೆಕ್ಕಕ್ಕೇ ಸ್ಮಾರ್ಟ್ ಎಂದು ಹೆಸರು. ಓದಲು ವಿಂಡೋಸಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಸಾಕು, ಪುಕ್ಕಟೆ. ಲಿನಕ್ಸಿನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್. ಇದು ಡಿಸ್ಕಿಗೆ ಭಾರವಲ್ಲ, ಒಂದು ನಿಮಿಷದ ಕೆಲಸ. ಆದರೆ ಅಲ್ಲಿರುವ "ಲಾಂಗ್ ಟೆಸ್ಟ್" ಮುಟ್ಟಬೇಡಿ. ಅದು ಇಡೀ ಡಿಸ್ಕ್ ಓದುತ್ತದೆ, ನಕಲು ತೆಗೆಯುವ ಮೊದಲು ಆ ಓಟ ಬೇಡ.

ಮೇಲೆ ನೀಲಿಯಲ್ಲಿ "ಗುಡ್", ಹಳದಿಯಲ್ಲಿ "ಕಾಷನ್", ಕೆಂಪಿನಲ್ಲಿ "ಬ್ಯಾಡ್" ಎಂದು ಬರುತ್ತದೆ. ಅದನ್ನು ನೋಡಿ ಎದ್ದು ಹೋಗಬೇಡಿ, ಕೆಳಗಿನ ಪಟ್ಟಿಗೆ ಬನ್ನಿ. ಬಲತುದಿಯ "ರಾ ವ್ಯಾಲ್ಯೂ" ಕಾಲಮ್ಮು ಮೊದಲಿಗೆ ಹದಿನಾರರ ಲೆಕ್ಕದಲ್ಲಿರುತ್ತದೆ. ಅಲ್ಲಿ 64 ಅಂದರೆ ನಮ್ಮ ಲೆಕ್ಕದ 100. ಮೆನುವಿನಲ್ಲಿ ಅದನ್ನು ಹತ್ತರ ಲೆಕ್ಕಕ್ಕೆ ಬದಲಿಸಿಕೊಳ್ಳಿ, ಇಲ್ಲವಾದರೆ ತಲೆ ಕೆಡುತ್ತದೆ.

ನಾನು ಮೊದಲು ನೋಡುವುದು ಸಿ5 ಎಂಬ ಸಾಲು. ಓದಲು ಹೋಗಿ ಆಗದೆ, "ಇದರ ಗತಿ ಆಮೇಲೆ ನೋಡೋಣ" ಎಂದು ಡಿಸ್ಕ್ ಪಕ್ಕಕ್ಕಿಟ್ಟ ಸೆಕ್ಟರುಗಳ ಎಣಿಕೆ ಅದು. ಆಮೇಲೆ 05, ಅಂದರೆ ಕೆಟ್ಟವೆಂದು ಖಾತ್ರಿಯಾಗಿ ಮೀಸಲು ಜಾಗದಿಂದ ಬದಲಿ ಕೊಟ್ಟ ಸೆಕ್ಟರುಗಳು. ಸಿ6 ಎಂಬುದು ಡಿಸ್ಕ್ ತಾನೇ ತಪಾಸಿಸಿಕೊಂಡಾಗಲೂ ಓದಲಾಗದೆ ಉಳಿದವು. ಮೂರೂ ಸೊನ್ನೆ ಇರಬೇಕು. 05ರಲ್ಲಿ ಒಂದಿಷ್ಟು ಇದ್ದು ತಿಂಗಳುಗಟ್ಟಲೆ ಅಷ್ಟೇ ನಿಂತಿದ್ದರೆ ನಾನು ಆ ಡಿಸ್ಕನ್ನು ಸಿನಿಮಾ ಇಡಲು ಬಿಡುತ್ತೇನೆ, ಲೆಕ್ಕಪತ್ರಕ್ಕೆ ಬಿಡುವುದಿಲ್ಲ. ಸಿ5 ನಿನ್ನೆ 8, ಇವತ್ತು 40 ಆಗಿದ್ದರೆ ಮಾತು ಮುಗಿಯಿತು. ಈ ಬರಹ ಓದುವುದನ್ನೂ ಬಿಟ್ಟು ನಕಲಿಗೆ ಹೊರಡಿ.

ಸಿ7 ಬೇರೆ ಜಾತಿ. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ದಾರಿಯಲ್ಲಿ ಹಾಳಾದ ಮಾತುಕತೆಯ ಎಣಿಕೆ ಅದು, ಸಾಮಾನ್ಯವಾಗಿ ಸಾಟಾ ಕೇಬಲ್ಲಿನ ತಪ್ಪು. ಕೇಬಲ್ ಬದಲಿಸಿದರೂ ಹಳೆಯ ಅಂಕಿ ಇಳಿಯುವುದಿಲ್ಲ. ಮುಂದೆ ಏರುತ್ತದೋ ಇಲ್ಲವೋ ಎಂಬುದನ್ನಷ್ಟೇ ನೋಡಿ. ಸಿ0 ಎಂಬ ಸಾಲು ಕರೆಂಟ್ ಏಕಾಏಕಿ ಹೋಗಿ ಹೆಡ್ಡು ಗಡಬಡಿಸಿ ಮನೆಗೆ ಓಡಿದ ಸಲಗಳ ಲೆಕ್ಕ. ಗಂಜಿನ ಡಿಸ್ಕಿನಲ್ಲಿ 05, ಸಿ5, ಸಿ6 ಎಲ್ಲ ಸೊನ್ನೆ ಇದ್ದು ಇದೊಂದೇ ಸಾಲು ಮುಗಿಲು ಮುಟ್ಟಿತ್ತು. ಕೆಲವು ಕಂಪನಿಯ ಡಿಸ್ಕ್‌ಗಳಲ್ಲಿ 01 ಮತ್ತು 07ರ ಎದುರು ಕೋಟಿಗಟ್ಟಲೆ ಅಂಕಿ ಕಾಣುತ್ತದೆ. ಅದು ಆ ಕಂಪನಿ ಲೆಕ್ಕ ಇಡುವ ರೀತಿ, ಗಾಬರಿ ಬೇಡ.

ಸಿ2 ಎಂದರೆ ಉಷ್ಣತೆ. ಹೆಚ್ಚಿನ ಡೆಸ್ಕ್‌ಟಾಪ್ ಡಿಸ್ಕ್‌ಗಳಿಗೆ ತಯಾರಕರು ಹಾಕಿದ ಮೇಲಿನ ಗೆರೆ 60 ಡಿಗ್ರಿ. ನಮ್ಮಲ್ಲಿ ಏಪ್ರಿಲ್ ಮೇನಲ್ಲಿ ನೆರಳೇ 42ರ ಮೇಲೆ ಹೋಗುತ್ತದೆ. ಕ್ಯಾಬಿನೆಟ್ಟಿನ ಮುಂದಿನ ಜಾಳಿಗೆಯಲ್ಲಿ ತೊಗರಿ ಹೊಟ್ಟು ಮೆತ್ತಿದ್ದರೆ ಗೆರೆ ಮುಟ್ಟಲು ಹೊತ್ತು ಬೇಕಿಲ್ಲ. ಬ್ರಷ್ ಹಿಡಿದು ಜಾಳಿಗೆ ಉಜ್ಜುವುದು ಈ ಭಾಗದ ಅತಿ ಅಗ್ಗದ ಡಿಸ್ಕ್ ರಿಪೇರಿ.

ಹಾಗಾದರೆ "ಗುಡ್" ಇದ್ದರೆ ನಿಶ್ಚಿಂತೆಯೇ? ಇಲ್ಲ. ಗೂಗಲ್ ಕಂಪನಿಯವರು ತಮ್ಮಲ್ಲಿನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕವನ್ನು 2007ರಲ್ಲಿ ಪ್ರಕಟಿಸಿದ್ದರು. ಮೊದಲ ಸಲ ಸ್ಕ್ಯಾನ್ ದೋಷ ತೋರಿಸಿದ ಡಿಸ್ಕ್ ಮುಂದಿನ 60 ದಿನದಲ್ಲಿ ಸಾಯುವ ಸಂಭವ, ದೋಷ ತೋರಿಸದ ಡಿಸ್ಕಿಗಿಂತ 39 ಪಟ್ಟು ಹೆಚ್ಚಿತ್ತು. ಅದೇ ಲೆಕ್ಕದ ಇನ್ನೊಂದು ಮುಖ: ಸತ್ತ ಡಿಸ್ಕ್‌ಗಳಲ್ಲಿ ಶೇಕಡಾ 56ಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸದೆ ಸತ್ತಿದ್ದವು. ಡೈರಿಯ ಈ ಮುಖ್ಯ ಸಾಲುಗಳಲ್ಲಿ ಏನೂ ಬರೆಯದೆ ಹೋದ ಡಿಸ್ಕುಗಳೇ ಜಾಸ್ತಿ.

ಸ್ಮಾರ್ಟ್ ಪೂರ್ತಿ ಸ್ವಚ್ಛ, ಕೇಬಲ್ ಹೊಸದು, ಆದರೂ ಫೈಲ್‌ಗಳು ಅಲ್ಲೊಂದು ಇಲ್ಲೊಂದು ಕೆಡುತ್ತಿವೆ ಅಂದರೆ ರ್‍ಯಾಮ್ ಮೇಲೆ ಗುಮಾನಿ ಪಡಿ. ಕಡ್ಡಿ ತೆಗೆದು ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿ, ವಿಂಡೋಸಿನ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ.

ನಕಲು

ಡಿಸ್ಕ್ ಇನ್ನೂ ಮಾತು ಕೇಳುತ್ತಿದೆ, ಫೋಲ್ಡರ್‌ಗಳು ತೆರೆಯುತ್ತಿವೆ ಅಂದರೆ ಮೊದಲು ಯಾವುದು ಹೋದರೆ ಅಳಬೇಕಾಗುತ್ತದೋ ಅದನ್ನು ತೆಗೆಯಿರಿ. ಅದು ಬಹುತೇಕ ಸಣ್ಣದೇ ಇರುತ್ತದೆ: ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ, ಜಮೀನಿನ ಕಾಗದದ ಸ್ಕ್ಯಾನ್, ಮಗಳ ಪ್ರಾಜೆಕ್ಟು. ಆಮೇಲೆ ಫೋಟೊ, ಕೊನೆಗೆ ಸಿನಿಮಾ. ಇಡೀ ಡಿ ಡ್ರೈವನ್ನು ಒಟ್ಟಿಗೆ ಹಿಡಿದು ಎಳೆದರೆ ಸಿನಿಮಾ ಬಂದು ಲೆಕ್ಕ ಹೋಗುವುದೂ ಉಂಟು.

ನಡುವೆ ಸಿಕ್ಕಿಕೊಳ್ಳುತ್ತಿದೆ, ವಿಂಡೋಸ್ ಹ್ಯಾಂಗ್ ಆಗುತ್ತಿದೆ ಅಂದರೆ ಆ ದಾರಿ ಬಿಡಿ. ವಿಂಡೋಸ್ ಓದಲಾಗದ ಒಂದು ಫೈಲಿನ ಮುಂದೆ ಧರಣಿ ಕೂರುತ್ತದೆ. ಸಾಲದ್ದಕ್ಕೆ ಹಚ್ಚಿದ ಕೂಡಲೇ ಡಿಸ್ಕಿನ ಮೇಲೆ ತನ್ನದೇ ಏನಾದರೂ ಬರೆಯುತ್ತದೆ. ಪೆನ್‌ಡ್ರೈವಿನಿಂದ ಲಿನಕ್ಸ್ ಹಚ್ಚಿ, ಡಿಡಿರೆಸ್ಕ್ಯೂ ಎಂಬ ಪುಕ್ಕಟೆ ಸಾಧನದಿಂದ ಇಡೀ ಡಿಸ್ಕಿನ ನಕಲನ್ನು ಇನ್ನೊಂದು ಡಿಸ್ಕಿಗೆ ಇಳಿಸಿ. ಅದರ ನಡೆ ಹೊಲದಲ್ಲಿ ತೊಗರಿ ಕೊಯ್ಯುವವರ ನಡೆ: ಮೊದಲು ಸಲೀಸಾದ ಸಾಲುಗಳನ್ನೆಲ್ಲ ಮುಗಿಸಿ, ಮುಳ್ಳು ಇರುವ ಮೂಲೆಯನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿಯವರೆಗೆ ಆಯಿತು, ಯಾವುದು ಬಾಕಿ ಎಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಯಬಹುದು, ನಮ್ಮೂರಿಗೆ ಇದು ಸಣ್ಣ ಸೌಕರ್ಯವಲ್ಲ. ಮ್ಯಾಪ್ ಫೈಲನ್ನು ಪೆನ್‌ಡ್ರೈವಿನ ಉಳಿಯುವ ಜಾಗದಲ್ಲಿ ಇಡಿ, ಕಂಪ್ಯೂಟರ್ ಬಂದ್ ಆದರೆ ಅಳಿಸಿಹೋಗುವ ಜಾಗದಲ್ಲಲ್ಲ.

ಇಲ್ಲಿ ಒಂದೇ ಒಂದು ಅಪಾಯ, ಅದು ಡಿಸ್ಕಿನದಲ್ಲ, ನಮ್ಮದು. ಮೂಲ ಯಾವುದು ನಕಲು ಯಾವುದು ಎಂಬ ಹೆಸರು ಅದಲುಬದಲಾದರೆ ಖಾಲಿ ಡಿಸ್ಕಿನ ಸೊನ್ನೆಗಳು ನಿಮ್ಮ ಡೇಟಾದ ಮೇಲೆ ಹರಡುತ್ತವೆ. ನಾನು ಕೆಟ್ಟ ಡಿಸ್ಕಿಗೆ ಕೆಂಪು ಇನ್ಸುಲೇಷನ್ ಟೇಪು ಸುತ್ತುತ್ತೇನೆ, ಎರಡರ ಸೀರಿಯಲ್ ನಂಬರ್ ಚೀಟಿಯಲ್ಲಿ ಬರೆದು ಪರದೆಯ ಮೇಲಿನದಕ್ಕೆ ತಾಳೆ ಹಾಕುತ್ತೇನೆ, ಎಂಟರ್ ಒತ್ತುವ ಮುಂಚೆ ಚೀಟಿಯನ್ನು ಗಟ್ಟಿಯಾಗಿ ಓದುತ್ತೇನೆ. ಅಂಗಡಿಯ ಹುಡುಗರು ನಗುತ್ತಾರೆ, ನಗಲಿ.

ಆರೋಗ್ಯವಾದ 1 ಟಿಬಿ ಡಿಸ್ಕ್ ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ ಮೂರು ಗಂಟೆಯೊಳಗೆ ಮುಗಿಯುತ್ತದೆ. ಸೇಡಂ ಹುಡುಗನ ಡಿಸ್ಕ್ ಎರಡು ರಾತ್ರಿ ಒಂದು ಹಗಲು ತೆಗೆದುಕೊಂಡಿತು. ಟೇಬಲ್ ಫ್ಯಾನ್ ಅದರ ಮುಂದೆಯೇ ಇತ್ತು, ನನಗೆ ಸೆಕೆ. ನಕಲು ಬಂದ ಮೇಲೆ ಮೂಲ ಡಿಸ್ಕನ್ನು ಎತ್ತಿಟ್ಟುಬಿಡಿ. ಕಳೆದ ಫೈಲ್ ಹುಡುಕಿಕೊಡುವ ಟೆಸ್ಟ್‌ಡಿಸ್ಕ್, ಫೋಟೊರೆಕ್, ಬೇಕಾದರೆ ಚೆಕ್‌ಡಿಸ್ಕ್, ಎಲ್ಲ ಪ್ರಯೋಗವೂ ನಕಲಿನ ಮೇಲೆ. ಅದು ಕೆಟ್ಟರೆ ಇನ್ನೊಂದು ನಕಲು ತೆಗೆಯಬಹುದು.

"ಫಾರ್ಮ್ಯಾಟ್ ಮಾಡಲೇ?" ಎಂದು ಕೇಳಿದಾಗ

ಡಿಸ್ಕ್ ಚೆನ್ನಾಗಿ ತಿರುಗುತ್ತದೆ, ಸ್ಮಾರ್ಟ್ ಸರಿಯಿದೆ, ಆದರೆ ತೆರೆಯಲು ಹೋದರೆ ವಿಂಡೋಸ್ ಫಾರ್ಮ್ಯಾಟ್ ಮಾಡಬೇಕು ಅನ್ನುತ್ತದೆ. ಹೆಚ್ಚಾಗಿ ಬರೆಯುತ್ತಿರುವಾಗಲೇ ವೈರ್ ಕಿತ್ತದ್ದರ ಫಲ. ಊರು ಹಾಗೇ ಇದೆ, ಊರಿನ ನಕ್ಷೆ ಹರಿದಿದೆ. ಬೇಡ ಎಂದು ಒತ್ತಿ ನಕಲು ತೆಗೆದು, ನಕಲಿನ ಮೇಲೆ ಟೆಸ್ಟ್‌ಡಿಸ್ಕ್ ಓಡಿಸಿದರೆ ಬಹಳ ಸಲ ಫೋಲ್ಡರ್ ಸಮೇತ ಎಲ್ಲ ಸಿಗುತ್ತದೆ. ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಎನ್‌ಕ್ರಿಪ್ಷನ್, ಅಂದರೆ ಡೇಟಾಕ್ಕೆ ಗುಪ್ತ ಬೀಗ, ತಾನಾಗೇ ಆನ್ ಆಗಿರುವುದುಂಟು. ಆಗ 48 ಅಂಕಿಯ ರಿಕವರಿ ಕೀ ಇಲ್ಲದೆ ಬ್ರಹ್ಮನಿಂದಲೂ ಆಗದು. ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಕೀಯನ್ನು ಇವತ್ತೇ ಹಾಳೆಗೆ ಇಳಿಸಿಡಿ.

ಫೋಟೊರೆಕ್ ತೆಗೆದ ಫೈಲುಗಳಿಗೆ ಹೆಸರು ಇರುವುದಿಲ್ಲ, ನಂಬರ್ ಅಷ್ಟೇ. ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯವರೊಬ್ಬರು ಹೀಗೆ ಮರಳಿ ಬಂದ ದಸ್ತಾವೇಜುಗಳನ್ನು ತೆರೆದು, "ಎಲ್ಲಾ ಅಳಿಸಿಹೋಗ್ಯಾವ್ರಿ, ಬರೇ ಇಂಗ್ಲಿಷ್ ಅಕ್ಷರದ ಮ್ಯಾಲ ಚುಕ್ಕಿ, ಗೀಟು ಕಾಣ್ತಾವ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಫೈಲ್ ಕೆಟ್ಟಿರಲಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದವು, ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫೈಲುಗಳಲ್ಲಿ ಕನ್ನಡವು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕೂತಿರುತ್ತದೆ, ಫಾಂಟ್ ಎಂಬ ಅಂಗಿ ತೊಟ್ಟರಷ್ಟೇ ಕನ್ನಡ. ಫಾಂಟ್ ಹಾಕಿದ ಕೂಡಲೇ ಅಷ್ಟೂ ಕ್ರಯಪತ್ರ ಎದ್ದು ಕೂತವು. ಈ ಭಾಗದ ಡಿಟಿಪಿ ಅಂಗಡಿಗಳವರು ಬ್ಯಾಕಪ್‌ನಲ್ಲಿ ಫಾಂಟ್ ಫೋಲ್ಡರನ್ನೂ ಸೇರಿಸಿ.

ಎಸ್‌ಎಸ್‌ಡಿ ಸದ್ದು ಮಾಡುವುದಿಲ್ಲ

ಎಸ್‌ಎಸ್‌ಡಿ ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲೇ ಡೇಟಾ ಇಡುವ ಡಿಸ್ಕ್. ಅದು ಕಟ್ ಅನ್ನುವುದಿಲ್ಲ, ಬಹಳ ಸಲ ನಿಧಾನವೂ ಆಗದೆ ಒಂದು ಬೆಳಗ್ಗೆ ಬಯೋಸಿನಿಂದಲೇ (ಕಂಪ್ಯೂಟರ್ ಚಾಲೂ ಆದಾಗ ಮೊದಲು ಏಳುವ ಪ್ರೋಗ್ರಾಂ) ಮಾಯವಾಗುತ್ತದೆ. ಡಿಲೀಟ್ ಆದ ಫೈಲ್ ಮರಳಿ ಸಿಗುವುದೂ ಅಪರೂಪ, ಟ್ರಿಮ್ ಎಂಬ ಏರ್ಪಾಡು ಬಿಟ್ಟ ಜಾಗವನ್ನು ಒಳಗೊಳಗೇ ಒರೆಸಿಬಿಟ್ಟಿರುತ್ತದೆ. ಕಪಾಟಿನಲ್ಲಿ ವರ್ಷಗಟ್ಟಲೆ ಕರೆಂಟಿಲ್ಲದೆ ಇಡುವ ಬ್ಯಾಕಪ್ಪಿಗೆ ನಾನಂತೂ ಎಸ್‌ಎಸ್‌ಡಿ ಬಳಸುವುದಿಲ್ಲ. ಅದರಲ್ಲಿ ಡೇಟಾ ನಿಂತಿರುವುದು ವಿದ್ಯುತ್ ಕಣಗಳ ರೂಪದಲ್ಲಿ, ಸೆಕೆ ಹೆಚ್ಚಿದಷ್ಟೂ ಅವು ಬೇಗ ಸೋರುತ್ತವೆ. ಪೂರ್ತಿ ಸವೆದ ಮನೆಬಳಕೆಯ ಎಸ್‌ಎಸ್‌ಡಿಗೆ, ಚಿಪ್ ಉದ್ಯಮಕ್ಕೆ ಮಾನದಂಡ ಹಾಕಿಕೊಡುವ ಜೆಡೆಕ್ ಸಂಸ್ಥೆ ಕೇಳುವುದು 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಉಳಿಯಬೇಕು ಎಂದಷ್ಟೇ. ನಮ್ಮ ಕಪಾಟು ಮೇ ತಿಂಗಳಲ್ಲಿ ಎಷ್ಟು ಡಿಗ್ರಿ ಇರುತ್ತದೆ ನೀವೇ ಕೈಯಿಟ್ಟು ನೋಡಿ.

ಕೈಬಿಡುವ ಗಳಿಗೆ

"ಪೀಂ", "ಕರ್ರ್", ಕರೆಂಟು ಸರಿಯಿದ್ದೂ ಕಟ್-ಕಟ್, ಬಯೋಸಿನಲ್ಲಿ ಮಾಡೆಲ್ ಹೆಸರು ಹಾಳುಮೂಳು ಇಲ್ಲವೇ ಗಾತ್ರ ಸೊನ್ನೆ: ಇವಿಷ್ಟಕ್ಕೆ ಸ್ವಚ್ಛ ಕೋಣೆಯಿರುವ ಲ್ಯಾಬೇ ಗತಿ. ನಮಗೆ ಹತ್ತಿರದ್ದು ಹೈದರಾಬಾದ್. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಬೋರ್ಡ್ ತಂದು ಕೂರಿಸುವ ಹಳೆಯ ಚಾಲಾಕಿ ಈಗಿನವಕ್ಕೆ ನಡೆಯದು. ಪ್ರತಿ ಬೋರ್ಡಿನ ಚಿಪ್ಪಿನಲ್ಲಿ ಆ ಡಿಸ್ಕಿನದೇ ಅಳತೆಗಳಿರುತ್ತವೆ. ಲ್ಯಾಬಿನವರು ಮೊದಲು ಖರ್ಚನ್ನು ಬರೆದು ಕೊಡಲಿ, ಡೇಟಾ ಬರದಿದ್ದರೆ ಎಷ್ಟು ತಗೊಳ್ಳುತ್ತಾರೆ ಎಂಬುದನ್ನೂ ಬರೆಸಿಕೊಳ್ಳಿ. ಡಿಸ್ಕನ್ನು ಆಂಟಿಸ್ಟ್ಯಾಟಿಕ್ ಕವರಿನಲ್ಲಿ, ಸುತ್ತ ಫೋಮ್ ಇಟ್ಟು ತೊಡೆಯ ಮೇಲೆ ಒಯ್ಯಿರಿ. ಬಸ್ಸಿನ ಡಿಕ್ಕಿಯಲ್ಲಿ ಬೇಡ. ನೀರಿನಲ್ಲಿ ನೆನೆದ ಡಿಸ್ಕಾದರೆ ಒಣಗಿಸಿ ಹಚ್ಚಿ ನೋಡುವ ಆಸೆಯನ್ನು ಪೂರ್ತಿ ಬಿಡಿ.

ಮುಂದಿನ ಡಿಸ್ಕ್ ಸಾಯುವ ಮೊದಲು

ಪೀಟರ್ ಕ್ರೋ ಎಂಬ ಅಮೆರಿಕದ ಫೋಟೊಗ್ರಾಫರ್ ಜನಪ್ರಿಯಗೊಳಿಸಿದ 3-2-1 ಸೂತ್ರವನ್ನೇ ನಾನು ನಮ್ಮೂರಿಗೆ ಒಗ್ಗಿಸಿಕೊಂಡಿದ್ದೇನೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಬೇರೆ ಊರು ಯಾಕೆ ಅನ್ನುವವರಿಗೆ 2020ರ ಅಕ್ಟೋಬರ್ ನೆನಪಿಸುತ್ತೇನೆ. ಭೀಮಾ ಉಕ್ಕಿ ಬಂದಾಗ ಮನೆಯ ಪಿಸಿ, ಕಪಾಟಿನ ಡಿಸ್ಕ್ ಎರಡೂ ಒಂದೇ ನೀರಿನಲ್ಲಿ ನಿಂತಿದ್ದರೆ ಎರಡು ಪ್ರತಿ ಇದ್ದು ಏನು ಬಂತು? ನನ್ನ ಮೂರನೆಯ ಡಿಸ್ಕ್ ಬೀದರಿನಲ್ಲಿ ಅಕ್ಕನ ಮನೆಯ ಸ್ಟೀಲ್ ಡಬ್ಬಿಯಲ್ಲಿದೆ. ಹಬ್ಬಕ್ಕೆ ಹೋದಾಗ ಹೊಸದು ಇಟ್ಟು ಹಳೆಯದು ತರುತ್ತೇನೆ.

ಸದಾ ಕಂಪ್ಯೂಟರಿಗೆ ಹಚ್ಚಿಯೇ ಇರುವ ಡಿಸ್ಕನ್ನು ನಾನು ಬ್ಯಾಕಪ್ ಎಂದು ಎಣಿಸುವುದಿಲ್ಲ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಬಂದರೆ ಅದಕ್ಕೂ ಬೀಗ, ಸಿಡಿಲು ಬಡಿದರೆ ಅದೂ ಬೂದಿ. ಎರಡು ಡಿಸ್ಕ್ ಒಟ್ಟಿಗೆ ಓಡುವ ರೇಡ್ ಜೋಡಿಯೂ ಅಷ್ಟೇ, ನೀವು ಇಲ್ಲಿ ಡಿಲೀಟ್ ಮಾಡಿದ್ದು ಅಲ್ಲೂ ಡಿಲೀಟ್. ಗೂಗಲ್ ಡ್ರೈವ್, ಒನ್‌ಡ್ರೈವ್ ಒಳ್ಳೆಯವೇ. ಆದರೆ ಸಿಂಕ್ ಕೂಡ ಡಿಲೀಟನ್ನು ಹಿಂಬಾಲಿಸುತ್ತದೆ, ಕಸದ ಬುಟ್ಟಿಯಿಂದ ವಾಪಸು ತರಲು ಕೆಲ ದಿನದ ಗಡುವು ಇರುತ್ತದೆ. ಸ್ಟುಡಿಯೊದವರು 500 ಜಿಬಿಯನ್ನು 20 ಎಂಬಿಪಿಎಸ್ ಅಪ್‌ಲೋಡಿನಲ್ಲಿ ಏರಿಸಲು ಹೊರಟರೆ ಎರಡು ದಿನದ ಮೇಲೆ ಏಳೂವರೆ ಗಂಟೆ ಹಿಡಿಯುತ್ತದೆ, ಅದೂ ನೆಟ್ ಕಡಿಯದಿದ್ದರೆ. ಅವರಿಗೆ ಡಿಸ್ಕೇ ವಾಸಿ. ಸಂತೆಯಲ್ಲಿ ಸಿಗುವ ಅಗ್ಗದ 2 ಟಿಬಿ ಪೆನ್‌ಡ್ರೈವ್ ಮಾತ್ರ ಬೇಡ. ತುಂಬಿದಂತೆ ನಟಿಸಿ ಮೇಲಿಂದ ಮೇಲೆ ಬರೆದುಕೊಳ್ಳುವ ನಕಲಿಗಳು ಬಹಳ. ನಿಜವಾದ ಗಾತ್ರ ಪರೀಕ್ಷಿಸುವ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿದರೆ ಬಣ್ಣ ಬಯಲಾಗುತ್ತದೆ.

ಗಂಜಿನ ಮುನೀಮರು ಈಗ ಎರಡು ಡಿಸ್ಕ್ ಇಟ್ಟುಕೊಂಡಿದ್ದಾರೆ. ಸೋಮವಾರ ಶರಣಬಸವೇಶ್ವರ ಗುಡಿಗೆ ಹೋಗಿ ಬಂದು ಒಂದು, ಗುರುವಾರ ಇನ್ನೊಂದು. ಆರು ತಿಂಗಳು ತಪ್ಪದೆ ಮಾಡಿದರು. ಒಂದು ದಿನ ನಾನು ಸುಮ್ಮನೆ, "ಕಾಕಾ, ಆ ಡಿಸ್ಕ್ ಕೊಡ್ರಿ, ನನ್ನ ಲ್ಯಾಪ್‌ಟಾಪಿನಾಗ ನಿಮ್ಮ ಲೆಕ್ಕ ತೆಗದು ನೋಡಮಿ" ಅಂದೆ. ಹಚ್ಚಿದೆ. ಇಪ್ಪತ್ತಾರು ವಾರದ ಇಪ್ಪತ್ತಾರು ಫೋಲ್ಡರ್, ತಾರೀಖು ಹಾಕಿ ಅಚ್ಚುಕಟ್ಟು. ಪ್ರತಿಯೊಂದರಲ್ಲೂ ಒಂದೇ ಫೈಲ್, ಗಾತ್ರ 2 ಕೆಬಿ. ಅವರು ಇಷ್ಟು ದಿನ ನಕಲು ಮಾಡಿದ್ದು ಡೆಸ್ಕ್‌ಟಾಪಿನ ಮೇಲಿನ ಟ್ಯಾಲಿ ಐಕಾನನ್ನು.

ಅವರ ಮುಖ ನೋಡಲಾಗದೆ ನಾನು ಟ್ಯಾಲಿಯ ಡೇಟಾ ಫೋಲ್ಡರ್ ತೆರೆದು, ಅದರೊಳಗೆ ಬರೀ ಅಂಕಿಯ ಹೆಸರಿರುವ ಫೋಲ್ಡರನ್ನು ತೋರಿಸಿದೆ. "ಇದು ನೋಡ್ರಿ ನಿಮ್ಮ ಕಂಪನಿ. ಟ್ಯಾಲಿ ಬಂದ್ ಮಾಡಿ ಇದನ್ನ ಎತ್ತಬೇಕು." ಅವತ್ತಿನಿಂದ ಅವರು ಡಿಸ್ಕ್ ಕೀಳುವ ಮೊದಲು ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ ಗಾತ್ರ ನೋಡುತ್ತಾರೆ, ರೋಕಡ್ ವಹಿಯ ಹಿಂದಿನ ಪುಟದಲ್ಲಿ ತಾರೀಖಿನ ಎದುರು ಅದನ್ನು ಬರೆಯುತ್ತಾರೆ. ಹಿಂದಿನ ವಾರಕ್ಕಿಂತ ಕಮ್ಮಿ ಬಂದ ದಿನ ಮೊದಲು ನನಗೆ ಫೋನ್ ಮಾಡುತ್ತಾರೆ, ಚಹಾ ಆಮೇಲೆ.